ಬಿದ್ದ ಜಾಗ, ಬಿದ್ದ ಕಾರಣ

ಕಥೆ ಕವಿತೆಗಳನ್ನು ಓದಿ ಪಳಗಿದ ಕಣ್ಣಿಗೆ ಒಂದು ವಿಡಿಯೋ ಆಟದ ಕ್ರ್ಯಾಶ್ ವರದಿಯೂ ಓದತಕ್ಕ ಬರಹವೆನಿಸೀತೆಂದು ನಾನು ಅಂದುಕೊಂಡಿರಲಿಲ್ಲ. ಮೈನ್‌ಕ್ರಾಫ್ಟ್ ಆಟವನ್ನು ಮೆಚ್ಚುವವರು ಸಾಮಾನ್ಯವಾಗಿ ಅದು ಕಟ್ಟಲು ಕೊಡುವ ಸ್ವಾತಂತ್ರ್ಯವನ್ನು ಹೊಗಳುತ್ತಾರೆ. ನನಗೆ ಅದರ ಸ್ವಭಾವ ತಿಳಿದದ್ದು ಅದು ಬಿದ್ದಾಗ.

ಆಟವನ್ನು ಅರಿಯದವರಿಗಾಗಿ ಒಂದೆರಡು ಮಾತು. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಜಾವಾ ಭಾಷೆಯಲ್ಲಿ ಬರೆದು 2009ರಲ್ಲಿ ಹೊರಬಿಟ್ಟ ಈ ಆಟ 2011ರಲ್ಲಿ ಪೂರ್ಣರೂಪ ಪಡೆಯಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 250 ಕೋಟಿ ಡಾಲರಿಗೆ ಆಟದ ಒಡೆತನವಿದ್ದ ಮೊಜಾಂಗ್ ಕಂಪನಿಯನ್ನು ಕೊಂಡಿತು. ಅಲ್ಲಿ ಮಣ್ಣು, ಕಲ್ಲು, ಮರವೆಲ್ಲ ಚೌಕಟ್ಟಾದ ಘನಗಳು. ಒಡೆಯಬಹುದು, ಜೋಡಿಸಬಹುದು, ಗೆಲ್ಲಲೇಬೇಕೆಂಬ ಒತ್ತಾಯವಿಲ್ಲ. ಹೊರಗಿನವರು ಬರೆದು ಇದಕ್ಕೆ ಸೇರಿಸುವ ತುಣುಕುಗಳಿಗೆ ಮಾಡ್ ಎಂದು ಹೆಸರು. ಫೋರ್ಜ್, ಫ್ಯಾಬ್ರಿಕ್ ಮೊದಲಾದ ಲೋಡರುಗಳು ಅವನ್ನು ಆಟದೊಳಕ್ಕೆ ತಂದು ಕೂರಿಸುತ್ತವೆ. ಒಬ್ಬರ ಮುಖ ಒಬ್ಬರು ಕಾಣದ ನೂರಾರು ಜನರ ಕೆಲಸ ಒಂದೇ ಸೂರಿನಡಿ ಹೊಂದಿಕೊಂಡು ನಡೆಯಬೇಕು. ಇಂಥ ಕೂಡುಕುಟುಂಬ ಆಗೀಗ ಮುರಿದುಬೀಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನನ್ನ ಮಗಳು ಎರಡು ವರ್ಷದಿಂದ ಕಟ್ಟುತ್ತಿದ್ದ ಲೋಕವೊಂದಿತ್ತು. ಅದಕ್ಕೆ 120 ಮಾಡ್‌ಗಳು ಸೇರಿದ್ದವು. ಹಲ್ಲುಚಕ್ರ, ಗಾಳಿರೆಕ್ಕೆಗಳನ್ನು ಕೊಡುವ ಒಂದು ಮಾಡ್‌ನಿಂದ ಅವಳು ಹೊಳೆಯ ದಂಡೆಯಲ್ಲಿ ಹಿಟ್ಟಿನ ಗಿರಣಿ ನಿಲ್ಲಿಸಿದ್ದಳು. ಒಂದು ಭಾನುವಾರ ಆ ಲೋಕ ತೆರೆಯಲಿಲ್ಲ. ಪರದೆ ಒಮ್ಮೆ ಕಪ್ಪಾಗಿ ಆಟ ಮುಚ್ಚಿಕೊಂಡಿತು. ಫೋಲ್ಡರಿನಲ್ಲಿ ಒಂದು ವರದಿ ಉಳಿಯಿತು.

ಈ ವರದಿಯ ನೆತ್ತಿಯ ಮೇಲೆ ಪ್ರತಿಸಲವೂ ಒಂದೊಂದು ಚಟಾಕಿ ಇರುತ್ತದೆ. ಬರೆದವರು ಆಡುವವರ ಬೇಸರ ಕಳೆಯಲೆಂದು ಇಟ್ಟಿರಬಹುದು. ಎರಡು ವರ್ಷದ ಕೆಲಸ ಹೋಯಿತೇನೋ ಎಂದು ಕಣ್ಣು ತುಂಬಿಕೊಂಡು ಕೂತ ಹುಡುಗಿಯ ಎದುರು ಅದು ಸಾವಿನ ಮನೆಯಲ್ಲಿ ನಗೆಯಾಡಿದಂತೆ ನನಗೆ ಕೇಳಿಸಿತು. ಅದರ ಕೆಳಗೆ ತಪ್ಪಿನ ಹೆಸರು: ಕೇಳಿದ ಮೆಥಡ್ ಇಲ್ಲ. ಅದಕ್ಕೂ ಕೆಳಗೆ ಯಾರು ಯಾರನ್ನು ಕರೆದರು, ಅವರನ್ನು ಯಾರು ಕರೆದರು ಎಂಬ ವಂಶಾವಳಿ. ಮೊದಲ ಸಾಲಿನಲ್ಲೇ ಗಿರಣಿಯ ಮಾಡ್‌ನ ಹೆಸರಿತ್ತು.

ನಾನು ತೀರ್ಪು ಕೊಟ್ಟುಬಿಟ್ಟೆ: ಕಳ್ಳ ಸಿಕ್ಕಿದ, ತೆಗೆದುಹಾಕೋಣ. ಮಗಳು ನನ್ನ ಕೈ ಹಿಡಿದಳು. "ಅಪ್ಪಾ, ತೆಗೀಬೇಡ. ಅದಿಲ್ದೆ ಲೋಕ ತೆರೆದ್ರೆ ಗಿರಣೀನೇ ಮಾಯವಾಗತ್ತೆ. ಮೊದಲು ಕಾಪಿ ಮಾಡ್ಕೋ." ಅವಳ ಮಾತು ನಿಜವಾಗಿತ್ತು. ಮಾಡ್ ತೆಗೆದು ಲೋಕವನ್ನು ತೆರೆದು ಉಳಿಸಿದರೆ ಆ ಮಾಡ್ ಕೊಟ್ಟಿದ್ದ ವಸ್ತುಗಳೆಲ್ಲ ಅಳಿಸಿಹೋಗುತ್ತವೆ. ಆಮೇಲೆ ಮಾಡನ್ನು ಮತ್ತೆ ಹಾಕಿದರೂ ಅವು ತಿರುಗಿ ಬರುವುದಿಲ್ಲ.

ನಕಲಿನ ಮೇಲೆ ಕೆಲಸ ನಡೆಯಿತು. ತಪ್ಪಿತಸ್ಥನನ್ನು ಹಿಡಿಯಲು ಆಟಗಾರರು ಬಳಸುವ ದಾರಿ ಅರ್ಧಿಸುವುದು: 120ರಲ್ಲಿ 60 ತೆಗೆ, ಬೀಳುವುದು ನಿಂತರೆ ತಪ್ಪು ತೆಗೆದವುಗಳಲ್ಲಿದೆ, ನಿಲ್ಲದಿದ್ದರೆ ಉಳಿದವುಗಳಲ್ಲಿದೆ. ಮತ್ತೆ 30, 15. ಹೆಚ್ಚೆಂದರೆ ಏಳು ಸುತ್ತು. ಒಂದು ಮಾಡ್ ಆತುಕೊಂಡಿರುವ ಲೈಬ್ರರಿ ಮಾಡ್‌ಗಳನ್ನು ಅದರಿಂದ ಅಗಲಿಸಬಾರದು ಎಂಬುದೊಂದೇ ಎಚ್ಚರ. ಏಳನೆಯ ಸುತ್ತಿನಲ್ಲಿ ಸಿಕ್ಕಿದ್ದೂ ಗಿರಣಿಯ ಮಾಡ್‌ನ ಹೆಸರೇ. ವರದಿಯೂ ಪರೀಕ್ಷೆಯೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು ಬೇಕು?

ಬೇಕಿತ್ತು. ವರದಿಯ ತೀರಾ ಕೊನೆಯಲ್ಲಿ, ಓದುವವರಿಗೆ ತಾಳ್ಮೆ ಮುಗಿದಿರುವ ಜಾಗದಲ್ಲಿ, ಎಲ್ಲ ಮಾಡ್‌ಗಳ ಆವೃತ್ತಿ ಸಂಖ್ಯೆಗಳ ಪಟ್ಟಿಯಿರುತ್ತದೆ. ಗಿರಣಿಯ ಮಾಡ್ ಹೊಸದು, ಅದು ನೆಚ್ಚಿಕೊಂಡಿದ್ದ ಲೈಬ್ರರಿ ಹಳೆಯದು. ಹೊಸ ಮಾಡ್ ಕೇಳಿದ ಮೆಥಡ್ ಹಳೆಯ ಲೈಬ್ರರಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇಂಥ ಹೊಂದದ ಜೋಡಿಯನ್ನು ಲೋಡರುಗಳು ಆರಂಭದಲ್ಲೇ ತಡೆಯಬಲ್ಲವು. ಆದರೆ ತನಗೆ ಯಾವ ಆವೃತ್ತಿ ಬೇಕೆಂದು ಮಾಡ್ ಬರೆದವರು ಬಿಗಿಯಾಗಿ ನಮೂದಿಸಿರಬೇಕು. ಇಲ್ಲಿ ಯಾವುದಾದರೂ ಆದೀತು ಎಂದಿತ್ತು. ಹಿಂದಿನ ದಿನ ಗಿರಣಿಯ ಮಾಡನ್ನಷ್ಟೇ ಹೊಸದು ಮಾಡಿ ಲೈಬ್ರರಿಯನ್ನು ಹಾಗೇ ಬಿಟ್ಟವನು ನಾನೇ. ಮಗಳಿಗೆ ಉಪಕಾರ ಮಾಡಹೋಗಿದ್ದೆ.

ಈ ವರದಿಯ ಬಗ್ಗೆ ನನ್ನ ತಕರಾರು ಇಷ್ಟು. ಅದು ಸುಳ್ಳು ಹೇಳುವುದಿಲ್ಲ. ಬಿದ್ದ ಜಾಗವನ್ನು ಚಾಚೂ ತಪ್ಪದೆ ಹೇಳುತ್ತದೆ. ಆದರೆ ಬಿದ್ದ ಜಾಗವನ್ನು ತಲೆಯ ಮೇಲೆ ಕೂರಿಸಿ, ಕಾರಣದ ಸುಳಿವನ್ನು ಪಾದದಡಿ ಇಡುತ್ತದೆ. ಅವಸರದ ಓದುಗ ನಿರಪರಾಧಿಯನ್ನು ಶಿಕ್ಷಿಸುವುದಕ್ಕೆ ಅಷ್ಟು ಸಾಕು. ಮಾಡುವವರ ಕಣ್ಣಿಗಾಗಿ ಬರೆದ ಬರಹ ಆಡುವವರ ಕೈಗೆ ಬಂದಿದೆ.

ಹಾಗೆಂದು ಇಡೀ ಆಟವನ್ನು ತಳ್ಳಿಹಾಕುವಂತಿಲ್ಲ. ಬಹಳ ವರ್ಷ ಮೊಜಾಂಗ್ ತನ್ನ ಆಟದೊಳಗಿನ ಹೆಸರುಗಳನ್ನು ಅರ್ಥವಿಲ್ಲದ ಒಂದೆರಡು ಅಕ್ಷರಗಳಾಗಿ ಮಾರ್ಪಡಿಸಿಯೇ ಹೊರಬಿಡುತ್ತಿತ್ತು. ಮಾಡ್ ಬರೆಯುವವರು ತಾವೇ ಕೂಡಿ, ಯಾವ ಅಕ್ಷರ ಯಾವ ಕೆಲಸಕ್ಕೆಂದು ಊಹಿಸಿ, ನಿಘಂಟು ಕಟ್ಟಿಕೊಂಡರು. 2019ರಲ್ಲಿ ಕಂಪನಿಯೇ ಹೆಸರುಗಳ ಪಟ್ಟಿಯನ್ನು ಪ್ರಕಟಿಸಿತು. ಮುಚ್ಚಿದ ಬಾಗಿಲನ್ನು ಓದುಗರೇ ತೆರೆದುಕೊಂಡ ಇಂಥ ಉದಾಹರಣೆ ನನಗೆ ಅಪರೂಪವೆನಿಸುತ್ತದೆ. ತೆರೆದ ಮನೆಗೆ ಧೂಳೂ ಬರುತ್ತದೆ, ಗುಡಿಸುವುದನ್ನು ಕಲಿಯಬೇಕು.

ವಿಮರ್ಶೆಯ ಹೆಸರಿನಲ್ಲಿ ಮೊದಲ ಸಾಲಿನಲ್ಲಿ ಕಂಡವನನ್ನು ದೂರಿದ ಲೇಖನಗಳನ್ನು ನಾನೂ ಬರೆದಿದ್ದೇನೆ. ಅವನ್ನು ಈಗ ಕೊನೆಯಿಂದ ಓದಿಕೊಳ್ಳಬೇಕೆನಿಸುತ್ತಿದೆ.

ಲೈಬ್ರರಿಯ ಹೊಸ ಆವೃತ್ತಿ ಹಾಕಿದೆವು. ಲೋಕ ತೆರೆಯಿತು. ಹೊಳೆಯ ದಂಡೆಯಲ್ಲಿ ಗಿರಣಿ ತಿರುಗುತ್ತಿತ್ತು. ಮಗಳು ಅದನ್ನು ನೋಡಿ ಖುಷಿಪಟ್ಟಳೆಂದು ತೋರಿತು. ಆದರೂ ಆಡಲು ಕೂರುವ ಮೊದಲು ಆಟ ಮುಚ್ಚಿ, ಲೋಕದ ಇನ್ನೊಂದು ಕಾಪಿ ತೆಗೆದಿಟ್ಟಳು. "ನೀನು ಮತ್ತೆ ಏನಾದ್ರೂ ಹೊಸದು ಮಾಡಿದ್ರೆ ಇರ್ಲಿ" ಎಂದಳು.