ದನಿಗೆ ಮಡಿ, ಮೈಗೆ ಮೈಲಿಗೆ

ಹಾಡು ಯಾರ ಮನೆಗೆ ಬೇಕಾದರೂ ಹೋಗುತ್ತದೆ. ಹಾಡಿದವರನ್ನು ಆ ಮನೆಯವರು ಒಳಗೆ ಕರೆಯುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ದಲಿತ ವಿಮರ್ಶೆಗೆಂದು ಮೀಸಲಾದ ಈ ಸಂಚಿಕೆಯಲ್ಲಿ ನಾನು ಅಮೆರಿಕದ ಸೋಲ್ ಸಂಗೀತವನ್ನು ಎತ್ತಿಕೊಂಡಿರುವುದು ಈ ಪ್ರಶ್ನೆಗಾಗಿ. ನಮ್ಮ ಕೇರಿಯ ಮಾತೇ ಮುಗಿದಿಲ್ಲ, ಅಮೆರಿಕದ ಉಸಾಬರಿ ಯಾಕೆ ಅಂತ ಗೆಳೆಯರು ಕೇಳಬಹುದು. 1946ರಲ್ಲಿ ಬಾಬಾಸಾಹೇಬರು ಕರಿಯರ ದೊಡ್ಡ ಚಿಂತಕ ಡುಬೋಯಿಸರಿಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ ಕಟ್ಟಿದಾಗ ಆ ಹೆಸರು ಬಂದದ್ದೂ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳಿಂದಲೇ. ಅವರ ರಾಜಕಾರಣವನ್ನು ಓದಿದ್ದೇವೆ, ಅವರ ಕವಿತೆಗಳನ್ನು ಕನ್ನಡಕ್ಕೆ ತಂದುಕೊಂಡಿದ್ದೇವೆ. ಅವರ ಹಾಡನ್ನು ಮಾತ್ರ ಮನರಂಜನೆ ಅಂತ ಬದಿಗಿಟ್ಟಿದ್ದೇವೆ. ವಿಮರ್ಶೆಗೆ ಹೆಚ್ಚು ಕೆಲಸವಿರುವುದು ಅಲ್ಲೇ ಎನ್ನುವುದು ನನ್ನ ತಿಳುವಳಿಕೆ.

ಸೋಲ್ ಹುಟ್ಟಿದ್ದು 1950ರ ದಶಕದಲ್ಲಿ. ಕರಿಯರ ಚರ್ಚುಗಳ ಭಜನೆಯ ಹಾಡು ಒಂದು ಕಡೆ, ಹೆಂಡದಂಗಡಿಯ ಬ್ಲೂಸ್ ಇನ್ನೊಂದು ಕಡೆ ಇದ್ದವು. 1954ರಲ್ಲಿ ರೇ ಚಾರ್ಲ್ಸ್ ಎಂಬ ಕುರುಡ ಗಾಯಕ ಒಂದು ಭಜನೆಯ ಧಾಟಿಯನ್ನೇ ತೆಗೆದುಕೊಂಡು ಹೆಣ್ಣಿನ ಮೇಲೆ ಹಾಡು ಕಟ್ಟಿದ. ಚರ್ಚಿನ ಹಿರಿಯರು ಸಿಟ್ಟಾದರು, ಜನ ಕುಣಿದರು. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಸ್ಯಾಮ್ ಕುಕ್, ಓಟಿಸ್ ರೆಡಿಂಗ್, ಅರೀಥಾ ಫ್ರಾಂಕ್ಲಿನ್, ಮಾರ್ವಿನ್ ಗೇ, ಜೇಮ್ಸ್ ಬ್ರೌನ್ ಹಾಡಿದ ಹಾಡುಗಳು ಇವತ್ತು ಅಮೆರಿಕದ ಮದುವೆ, ಸಿನಿಮಾ, ಜಾಹೀರಾತು, ಚುನಾವಣಾ ಸಭೆ ಎಲ್ಲದರಲ್ಲೂ ಇವೆ. ಒಬ್ಬರು ಹಾಡುವುದು, ಉಳಿದವರು ಸೊಲ್ಲು ಹಿಡಿಯುವುದು ಇವುಗಳ ಮೂಲ ಕಟ್ಟು. ನಮ್ಮ ನೀಲಗಾರರ ಮೇಳ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೋಲ್ ಅಂದರೆ ಆತ್ಮ. ಈ ಪದ ಕೇಳಿದ ಕೂಡಲೇ ನನಗೆ ಅನುಮಾನ ಬರುತ್ತದೆ. ಎಲ್ಲರ ಆತ್ಮವೂ ಒಂದೇ ಅಂದವರೇ ನಮ್ಮವರಿಗೆ ಬೇರೆ ಬಾವಿ ತೋರಿಸಿದ್ದು. ಆದರೆ ಅಲ್ಲಿ ಆ ಪದದ ಚರಿತ್ರೆ ಬೇರೆ. ದಣಿಗಳ ಆಸ್ತಿಪಟ್ಟಿಯಲ್ಲಿ ಎತ್ತು, ಕುದುರೆ, ನೇಗಿಲುಗಳ ಜೊತೆ ಬೆಲೆ ಕಟ್ಟಿಸಿಕೊಂಡಿದ್ದವರ ಮೊಮ್ಮಕ್ಕಳು ಮರಿಮಕ್ಕಳು ‘ಆತ್ಮ ನಮ್ಮದು’ ಅಂದಾಗ ಅದು ವೇದಾಂತವಲ್ಲ, ಹಕ್ಕಿನ ಮಾತು. ಅಲ್ಲಿನ ಸಂಗೀತ ವ್ಯಾಪಾರದ ಪತ್ರಿಕೆ ‘ಬಿಲ್‌ಬೋರ್ಡ್’ 1949ರವರೆಗೂ ಇವರ ಹಾಡುಗಳನ್ನು ‘ರೇಸ್ ರೆಕಾರ್ಡ್’ ಎಂಬ ಬೇರೆ ಪಟ್ಟಿಯಲ್ಲಿ ಹಾಕುತ್ತಿತ್ತು. ಅಂದರೆ ಜನಾಂಗದ ಪಟ್ಟಿ. ಆಮೇಲೆ ಅದು ‘ರಿದಮ್ ಅಂಡ್ ಬ್ಲೂಸ್’ ಆಯಿತು, 1969ರಲ್ಲಿ ‘ಸೋಲ್’ ಆಯಿತು, 1982ರಲ್ಲಿ ‘ಬ್ಲ್ಯಾಕ್’ ಆಯಿತು, 1990ರಲ್ಲಿ ಮತ್ತೆ ‘ರಿದಮ್ ಅಂಡ್ ಬ್ಲೂಸ್’. ಹೆಸರು ಬದಲಾದವು, ಪಟ್ಟಿ ಬೇರೆಯಾಗಿಯೇ ಉಳಿಯಿತು. ಕೇರಿಗೆ ಕಾಲನಿ ಅಂತ, ನಗರ ಅಂತ ಬೋರ್ಡು ಹಾಕಿಸಿದ್ದನ್ನು ಕಂಡ ನಮಗೆ ಇದೇನು ಹೊಸದಲ್ಲ.

ಸ್ಯಾಮ್ ಕುಕ್‌ನನ್ನು ನೋಡೋಣ. ಚರ್ಚಿನ ಹಾಡುಗಾರನಾಗಿದ್ದವನು 1957ರಲ್ಲಿ ಪ್ರೇಮಗೀತೆ ಹಾಡಿ ಬಿಳಿಯರ ಮನೆಮನೆಗೂ ಹೋದ. ಸ್ವಂತ ರೆಕಾರ್ಡ್ ಕಂಪನಿಯನ್ನೂ ಮಾಡಿಕೊಂಡ. ಹಣಕ್ಕೆ ಕಡಿಮೆ ಇರಲಿಲ್ಲ. 1963ರ ಅಕ್ಟೋಬರಿನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್ ಊರಿನ ಹೋಟೆಲಿನಲ್ಲಿ ಅವನಿಗೆ ಕೋಣೆ ಇಲ್ಲ ಅಂದರು. ಪ್ರತಿಭಟಿಸಿದ್ದಕ್ಕೆ ಪೋಲೀಸರು ಹಿಡಿದುಕೊಂಡು ಹೋದರು. ಅವನ ದನಿ ಆ ಊರಿನ ಎಷ್ಟು ಮನೆಗಳ ರೇಡಿಯೋದಲ್ಲಿತ್ತೋ! ದನಿಗೆ ಮಡಿ, ಮೈಗೆ ಮೈಲಿಗೆ. 1964ರ ಜನವರಿಯಲ್ಲಿ ಅವನು ‘ಎ ಚೇಂಜ್ ಈಸ್ ಗೊನ್ನಾ ಕಮ್’ ಹಾಡನ್ನು ಧ್ವನಿಮುದ್ರಿಸಿದ. ಅದೇ ಡಿಸೆಂಬರಿನಲ್ಲಿ ಗುಂಡೇಟಿಗೆ ಸತ್ತ. ಸತ್ತ ಮೇಲೆ ಆ ಹಾಡು ರೇಡಿಯೋಗೆಂದು ಬಿಡಿಯಾಗಿ ಹೊರಬಂದಾಗ ಅದರಲ್ಲಿ ಒಂದು ನುಡಿ ಇರಲಿಲ್ಲ. ಹಾಡು ಉದ್ದವಾಯಿತು, ಅಳತೆಗೆ ಕತ್ತರಿಸಿದರು ಅನ್ನಬಹುದು. ಆದರೆ ಕತ್ತರಿ ಬಿದ್ದದ್ದು ಎಲ್ಲಿ? ಪೇಟೆಗೆ, ಸಿನಿಮಾಕ್ಕೆ ಹೋದ ಕರಿಯನನ್ನು ತಡೆಯುವ ಆ ನುಡಿಯ ಮೇಲೇ. ಅಂದರೆ ಹಾಡಿನಲ್ಲಿ ಆಸೆ ಉಳಿಯಿತು, ಜಾಗದ ಗುರುತು ಹೋಯಿತು. ಜನಪ್ರಿಯ ಸಂಸ್ಕೃತಿ ಒಂದು ಹಾಡನ್ನು ಒಪ್ಪಿಕೊಳ್ಳುವ ಕ್ರಮ ಇದು ಅಂತ ನನಗನ್ನಿಸುತ್ತದೆ. ನೋವನ್ನು ಅದು ಬೇಡ ಅನ್ನುವುದಿಲ್ಲ. ನೋವು ಎಲ್ಲಿಯದು, ಯಾರು ಕೊಟ್ಟದ್ದು ಎಂಬುದನ್ನು ಮಾತ್ರ ತೆಗೆದುಬಿಡುತ್ತದೆ. 2019ರಲ್ಲಿ ಆ ಊರಿನ ಮೇಯರು ಕುಕ್‌ನ ಮನೆಯವರ ಕ್ಷಮೆ ಕೇಳಿದರು. ಐವತ್ತಾರು ವರ್ಷ ಬೇಕಾಯಿತು.

ಇನ್ನು ವಿಮರ್ಶೆಯ ಮಾತಿಗೆ ಬರುತ್ತೇನೆ. ಈ ಹಾಡುಗಳ ಬಗ್ಗೆ ಬರೆದ ಬಹಳಷ್ಟು ಮಂದಿ ಬಳಸುವ ಪದಗಳು ಎರಡು: ನೋವು ಮತ್ತು ಸಹಜತೆ. ಅರೀಥಾ ನೋವನ್ನು ಹಾಡಿದಳು, ಓಟಿಸ್ ಎದೆಯಿಂದ ಹಾಡಿದ. ಒಳ್ಳೆಯ ಮಾತೇ. ಆದರೆ ಎದೆಯೊಂದೇ ಇದ್ದರೆ ಹಾಡು ಆಗುವುದಿಲ್ಲ. ‘ರಿಸ್ಪೆಕ್ಟ್’ ಹಾಡನ್ನು 1965ರಲ್ಲಿ ಬರೆದು ಹಾಡಿದವನು ಓಟಿಸ್ ರೆಡಿಂಗ್. ದುಡಿದು ಮನೆಗೆ ಬರುವ ಗಂಡಸು ಹೆಂಡತಿಯಿಂದ ಮರ್ಯಾದೆ ಕೇಳುವ ಹಾಡು ಅದು. 1967ರಲ್ಲಿ ಅರೀಥಾ ಅದನ್ನು ಎತ್ತಿಕೊಂಡು ಕೇಳುವವರನ್ನೇ ಬದಲಾಯಿಸಿದಳು. ತಂಗಿ ಕ್ಯಾರೊಲಿನ್ ಜೊತೆ ಕೂತು, ಆ ಪದವನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುವ ಭಾಗವನ್ನು ಹೊಸದಾಗಿ ಸೇರಿಸಿದಳು. ಓಟಿಸ್‌ನ ಹಾಡಿನಲ್ಲಿ ಅದಿಲ್ಲ. ಬರಹ ಬಾರದವನಿಗೆ ಅಕ್ಷರ ಕಲಿಸುವಂತೆ ಗಂಡಸಿಗೆ ಕಲಿಸುವ ಪಾಠ ಅದು. ಅಕ್ಕತಂಗಿಯರು ಹಿಂದಿನಿಂದ ಹಿಡಿಯುವ ಸೊಲ್ಲಿನಿಂದ ಒಬ್ಬಳ ಜಗಳ ಹೆಂಗಸರ ಗುಂಪಿನ ಬೇಡಿಕೆಯಾಗಿಬಿಡುತ್ತದೆ. ಇದು ಬರಿಯ ನೋವಲ್ಲ, ರಚನೆ. ಹಾಡಿನ ಅರ್ಥವನ್ನು ತಿರುಗಿಸಿ ನಿಲ್ಲಿಸುವ ಬುದ್ಧಿವಂತಿಕೆ.

ಆ ಬುದ್ಧಿಗೆ ಸಿಕ್ಕಿದ್ದೇನು? ಅಮೆರಿಕದ ಕಾನೂನಿನಲ್ಲಿ ಸಾಮಾನ್ಯ ರೇಡಿಯೋ ಕೇಂದ್ರಗಳು ಹಾಡು ಬರೆದವರಿಗೆ ಹಣ ಕೊಡಬೇಕು, ಹಾಡಿದವರಿಗೆ ಕೊಡಬೇಕಾಗಿಲ್ಲ. ಅರೀಥಾ 2018ರಲ್ಲಿ ತೀರಿಕೊಂಡಳು. ಐವತ್ತು ವರ್ಷ ಆ ಹಾಡು ರೇಡಿಯೋದಲ್ಲಿ ಬಂದಿತು. ರೇಡಿಯೋದ ಹಣ ಅವಳಿಗೆ ಬರಲಿಲ್ಲ. ಹಾಡುವುದು ಸಹಜ, ಬರೆಯುವುದು ಕೆಲಸ ಎಂಬ ತಿಳುವಳಿಕೆ ಆ ಕಾನೂನಿನೊಳಗೆ ಕೂತಿದೆ. ಹಾಗಾಗಿ ಸಹಜತೆ ಎಂಬ ಹೊಗಳಿಕೆಯನ್ನು ನಾನು ನಂಬುವುದಿಲ್ಲ. ಸಹಜವಾದದ್ದಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಇದೆಲ್ಲ ಬಿಳಿಯರ ಮೋಸ ಅಂತ ಮುಗಿಸಿಬಿಟ್ಟರೆ ಸುಲಭವಾಗುತ್ತಿತ್ತು. ಹಾಗೆ ಮುಗಿಯುವುದಿಲ್ಲ. 1959ರಲ್ಲಿ ಬೆರ್ರಿ ಗಾರ್ಡಿ ಎಂಬ ಕರಿಯ ಯುವಕ ಮನೆಯವರಿಂದ 800 ಡಾಲರ್ ಸಾಲ ತೆಗೆದುಕೊಂಡು ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿ ಕಟ್ಟಿದ. ಕಾರು ಕಾರ್ಖಾನೆಯಲ್ಲಿ ಕೂಲಿಯಾಗಿದ್ದವನು, ಕಾರು ಜೋಡಿಸಿದಂತೆ ಹಾಡು ಜೋಡಿಸುವುದನ್ನು ಕಲಿತಿದ್ದ. ಕರಿಯರ ಒಡೆತನದಲ್ಲಿ ಇಷ್ಟು ದೊಡ್ಡ ಸಂಗೀತ ಕಂಪನಿ ಅದಕ್ಕೆ ಮೊದಲು ಇರಲಿಲ್ಲ, ಹೆಮ್ಮೆ ಪಡಬೇಕಾದ್ದೇ. ಆದರೆ ಆ ಹಾಡುಗಳಿಗೆಲ್ಲ ವಾದ್ಯ ನುಡಿಸಿದ ‘ಫಂಕ್ ಬ್ರದರ್ಸ್’ ತಂಡದವರ ಹೆಸರು ರೆಕಾರ್ಡಿನ ರಟ್ಟಿನ ಮೇಲೆ ಬಂದದ್ದು 1971ರಲ್ಲಿ, ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಮೇಲೆ. ಜೇಮ್ಸ್ ಬ್ರೌನ್ 1968ರಲ್ಲಿ ಕರಿಯನೆಂಬ ಹೆಮ್ಮೆಯನ್ನು ಗಟ್ಟಿಯಾಗಿ ಸಾರುವ ಹಾಡು ಹಾಡಿದವನು. ಅವನ ‘ಫಂಕಿ ಡ್ರಮ್ಮರ್’ನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಬಾರಿಸಿದ ಕೆಲವೇ ಕ್ಷಣಗಳ ಪೆಟ್ಟನ್ನು ಆಮೇಲಿನ ನೂರಾರು ಹಿಪ್‌ಹಾಪ್ ಹಾಡುಗಳು ಎತ್ತಿ ಬಳಸಿಕೊಂಡವು. ಹಾಡು ಕಟ್ಟಿದವನೆಂದು ದಾಖಲಾಗಿದ್ದದ್ದು ಬ್ರೌನ್‌ನ ಹೆಸರು. ಬಾರಿಸಿದವನಿಗೆ ಅದರಲ್ಲಿ ಪಾಲಿರಲಿಲ್ಲ. ಅವನು 2017ರಲ್ಲಿ ತೀರಿಕೊಂಡ. ನಮ್ಮವನೇ ಯಜಮಾನನಾದರೆ ಸಾಕು ಎಂದು ಹೇಳುವ ಗೆಳೆಯರು ಇದನ್ನು ಸ್ವಲ್ಪ ಯೋಚಿಸಬೇಕು. ಮುಂದೆ ನಿಂತವನ ಹೆಮ್ಮೆಗೆ ಹಿಂದೆ ಕೂತವನ ಹೆಸರು ಅಳಿಸಬೇಕಾಗಿ ಬಂದರೆ ಅದು ಯಾವ ವಿಮೋಚನೆ?

ಇನ್ನೊಂದು ಊರು ಮೆಂಫಿಸ್. ಅಲ್ಲಿನ ಸ್ಟ್ಯಾಕ್ಸ್ ಕಂಪನಿ ಬಿಳಿಯ ಅಕ್ಕತಮ್ಮ ನಡೆಸುತ್ತಿದ್ದದ್ದು. ಊರೆಲ್ಲ ಬೇರೆಬೇರೆ ಕೂರುತ್ತಿದ್ದ ಕಾಲದಲ್ಲಿ ಅದರ ಸ್ಟುಡಿಯೋದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ನುಡಿಸುತ್ತಿದ್ದರು. ಅವರು ಹೊರಗೆ ಒಟ್ಟಿಗೆ ಕೂರಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಲೊರೇನ್ ಮೋಟೆಲ್ ಒಂದು. 1968ರ ಫೆಬ್ರವರಿ 1ರಂದು ಅದೇ ಊರಿನಲ್ಲಿ ಕಸದ ಲಾರಿಯ ಹಿಂಭಾಗದಲ್ಲಿ ಮಳೆಗೆ ಮರೆಯಾಗಿ ನಿಂತ ಇಬ್ಬರು ಕರಿಯ ಪೌರಕಾರ್ಮಿಕರು ಕಸ ಒತ್ತುವ ಯಂತ್ರಕ್ಕೆ ಸಿಕ್ಕಿ ಸತ್ತರು. ಮ್ಯಾನ್‌ಹೋಲಿನಿಂದ ಹೆಣ ಎತ್ತಿದ್ದನ್ನು ನೋಡಿದ ನಮಗೆ ಈ ಸಾವನ್ನು ವಿವರಿಸಬೇಕಿಲ್ಲ. ಸುಮಾರು 1,300 ಮಂದಿ ಮುಷ್ಕರ ಹೂಡಿದರು. ತಾನು ಮನುಷ್ಯ ಎಂದಷ್ಟೇ ಬರೆದ ಫಲಕ ಹಿಡಿದು ನಡೆದರು. ಅವರ ಜೊತೆ ನಿಲ್ಲಲು ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಆ ಲೊರೇನ್ ಮೋಟೆಲ್‌ನಲ್ಲೇ ಗುಂಡಿಗೆ ಬಲಿಯಾದರು. ಅದೇ ವರ್ಷ ಸ್ಟ್ಯಾಕ್ಸ್‌ನವರಿಗೆ ಇನ್ನೊಂದು ಸತ್ಯ ಗೊತ್ತಾಯಿತು. 1965ರಲ್ಲಿ ಅಟ್ಲಾಂಟಿಕ್ ಕಂಪನಿಯ ಜೊತೆ ಮಾಡಿಕೊಂಡ ಮಾರಾಟದ ಕರಾರಿನ ಪ್ರಕಾರ, ಅಟ್ಲಾಂಟಿಕ್ ಮೂಲಕ ಮಾರಾಟವಾದ ಅವರ ಹಾಡುಗಳ ಮೂಲ ಟೇಪುಗಳು ಅವರವಾಗಿರಲಿಲ್ಲ. ವಿಮಾನ ಬಿದ್ದು ಸತ್ತು ಕೆಲವೇ ತಿಂಗಳಾಗಿದ್ದ ಓಟಿಸ್‌ನ ದನಿ ಕೂಡ ಅವರದಾಗಿರಲಿಲ್ಲ. ದುಡಿದ ಹೊಲ ಪಹಣಿಯಲ್ಲಿ ಬೇರೆಯವರ ಹೆಸರಿನಲ್ಲಿದ್ದ ಹಾಗೆ.

ಹಾಗಿದ್ದೂ ಆ ಕಂಪನಿ ಎದ್ದು ನಿಂತಿತು. ಆಲ್ ಬೆಲ್ ಎಂಬ ಕರಿಯ ಅದರ ಮುಂದಾಳಾದ. 1972ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ‘ವಾಟ್‌ಸ್ಟ್ಯಾಕ್ಸ್’ ಎಂಬ ಹಾಡಿನ ಜಾತ್ರೆ ಮಾಡಿದರು. 1965ರಲ್ಲಿ ದಂಗೆಯೆದ್ದು ಸುಟ್ಟುಹೋಗಿದ್ದ ವಾಟ್ಸ್ ಕೇರಿಯ ನೆನಪಿಗಾಗಿ ಅದು. ಟಿಕೇಟು ಒಂದು ಡಾಲರ್, ಬಂದವರು ಸುಮಾರು ಒಂದು ಲಕ್ಷ. ಹಾಡುವವರೂ ಕೇಳುವವರೂ ಬಹುಪಾಲು ಒಂದೇ ಜನ. ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿದ ವರ್ಷವೇ ಅದೂ ಆದದ್ದು. ಸೋಲ್ ಎಂಬ ಪದಕ್ಕೆ ಪೂರ್ತಿ ಅರ್ಥ ಬಂದದ್ದು ಆ ಬಿಸಿಲಿನ ದಿನ ಅಂತ ನಾನು ತಿಳಿದಿದ್ದೇನೆ. ಸ್ಟ್ಯಾಕ್ಸ್ 1975ರ ಕೊನೆಗೆ ದಿವಾಳಿಯಾಯಿತು. 1989ರಲ್ಲಿ ಅದರ ಕಟ್ಟಡ ಕೆಡವಿದರು. 2003ರಲ್ಲಿ ಅದೇ ಜಾಗದಲ್ಲಿ ಮ್ಯೂಸಿಯಂ ತೆರೆದರು. ಮೊದಲು ಕೆಡವುವುದು, ಆಮೇಲೆ ಪೂಜಿಸುವುದು.

ಈಗ ಶಾಶ್ವತತೆಯ ಮಾತು. ಈ ಹಾಡುಗಳು ಉಳಿದಿವೆ, ನಿಜ. ಹೇಗೆ ಉಳಿದಿವೆ? 1983ರ ‘ದ ಬಿಗ್ ಚಿಲ್’ ಸಿನಿಮಾದಲ್ಲಿ ಬಿಳಿಯ ಗೆಳೆಯರ ಗುಂಪೊಂದು ಸೇರಿ ತಮ್ಮ ಕಳೆದ ಯೌವನವನ್ನು ನೆನೆಯುತ್ತದೆ. ಹಿನ್ನೆಲೆಯಲ್ಲಿ ಕರಿಯರ ಹಾಡು ತುಂಬಿದೆ, ಆ ಗುಂಪಿನಲ್ಲಿ ಮಾತ್ರ ಕರಿಯ ಒಬ್ಬನೂ ಇಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದ ಒಣದ್ರಾಕ್ಷಿಯ ಜಾಹೀರಾತಿನಲ್ಲಿ ಮಾರ್ವಿನ್ ಗೇ ಹಾಡಿ ಹೆಸರಾಗಿದ್ದ ಹಾಡನ್ನು ಮಣ್ಣಿನ ದ್ರಾಕ್ಷಿಗೊಂಬೆಗಳು ಹಾಡಿ ಕುಣಿದವು. ತೀರಿಹೋದ ಐಸಾಕ್ ಹೇಯ್ಸ್‌ನ ಕುಟುಂಬದವರು 2024ರಲ್ಲಿ ಅವನ ಹಾಡನ್ನು ಚುನಾವಣಾ ಸಭೆಗಳಲ್ಲಿ ಬಳಸಬೇಡಿ ಅಂತ ಟ್ರಂಪ್ ವಿರುದ್ಧ ಕೋರ್ಟಿಗೆ ಹೋಗಿ ತಡೆ ತರಬೇಕಾಯಿತು.

ಇಷ್ಟು ಲೆಕ್ಕ ಹಾಕಿದರೆ ಹಾಡಿನ ಸುಖ ಎಲ್ಲಿ ಉಳೀತದೆ, ಸಿನಿಮಾ ಜಾಹೀರಾತು ಇಲ್ಲದಿದ್ದರೆ ಈ ಹಾಡು ನಿನ್ನ ಕಿವಿಗೂ ಬೀಳುತ್ತಿರಲಿಲ್ಲ ಅಂತ ಒಬ್ಬ ಗೆಳೆಯರು ವಾದ ಮಾಡಿದರು. ಅದರಲ್ಲಿ ಅರ್ಧ ಸತ್ಯವಿದೆ. ಮಾರುಕಟ್ಟೆ ಮುಟ್ಟಿತು ಅಂತ ಹಾಡು ಕೆಡುವುದಿಲ್ಲ. ಹಾಗೆ ಕೆಡುತ್ತದೆ ಅನ್ನುವುದು ಮತ್ತೆ ಮಡಿಯ ಮಾತೇ ಆಗುತ್ತದೆ. ಕರಿಯ ಹುಡುಗರೇ ಹಳೆಯ ರೆಕಾರ್ಡುಗಳ ತುಣುಕು ಎತ್ತಿ ಹಿಪ್‌ಹಾಪ್ ಕಟ್ಟಿ ಅಜ್ಜಂದಿರ ದನಿಯನ್ನು ಮತ್ತೆ ಬೀದಿಗೆ ತಂದರು. ನನ್ನ ತಕರಾರು ಹಾಡು ಹರಡಿದ್ದರ ಮೇಲಲ್ಲ. ಹರಡುವಾಗ ದಾರಿಯಲ್ಲಿ ಏನೇನು ಕಳಚಿಕೊಂಡಿತು ಅನ್ನುವುದರ ಮೇಲೆ. ಆ ಕಳಚಿದ್ದನ್ನು ಹುಡುಕಿ ತಂದು ಹಾಡಿನ ಪಕ್ಕ ಇಡುವುದು ವಿಮರ್ಶೆಯ ಕೆಲಸ. ಇಟ್ಟ ಮೇಲೆ ಕೇಳಿದರೆ ಸುಖ ಕಡಿಮೆಯಾಗುವುದಿಲ್ಲ. ಕುಕ್‌ನ ಕತ್ತರಿಸಿದ ನುಡಿಯನ್ನು ಸೇರಿಸಿಕೊಂಡು ಕೇಳಿದವರಿಗೆ ಇದು ಗೊತ್ತು.

ಕನ್ನಡದ ವಿಮರ್ಶೆಗೆ ನಾನು ಹೇಳಬೇಕಾದದ್ದೂ ಇಷ್ಟೇ. ದಲಿತರ ಬರಹದ ಬಗ್ಗೆ ಮಾತು ಶುರುವಾದರೆ ನೋವು, ಆಕ್ರೋಶ, ಅನುಭವದ ದ್ರವ್ಯ ಅನ್ನುತ್ತಾರೆ. ರೂಪ, ಲಯ, ಕಟ್ಟುವಿಕೆಯ ಮಾತು ಬಂದಾಗ ಬೇರೆಯವರ ಹೆಸರು ತೆಗೆಯುತ್ತಾರೆ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗಿನಿಂದ ಅದರ ಸಿಟ್ಟಿನ ಬಗ್ಗೆ ಬರೆದಷ್ಟು, ಮೆರವಣಿಗೆಯಲ್ಲಿ ಸಾವಿರ ಕಾಲು ಒಟ್ಟಿಗೆ ಹೆಜ್ಜೆ ಹಾಕುವ ಹಾಗೆ ಆ ಹಾಡುಗಳ ಲಯ ಹೇಗೆ ಕೂತಿದೆ ಅಂತ ಬರೆದಿಲ್ಲ. ತಮಟೆಯ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಸಂತೋಷ. ತಮಟೆಯ ಪೆಟ್ಟುಗಳ ವ್ಯಾಕರಣವನ್ನು ಮನಸ್ಸಿಟ್ಟು ಬರೆದ ವಿಮರ್ಶಕರು ಎಷ್ಟು ಮಂದಿ?

ಆದ್ದರಿಂದ ಒಂದು ಹಾಡನ್ನೋ ಪದ್ಯವನ್ನೋ ಎದುರಿಗಿಟ್ಟುಕೊಂಡಾಗ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಇದನ್ನು ಹೇಗೆ ಕಟ್ಟಿದ್ದಾರೆ? ಕಟ್ಟಿದವರಲ್ಲಿ ಯಾರ ಹೆಸರು ಬಿಟ್ಟುಹೋಗಿದೆ? ಈಗ ಇದು ಯಾರ ಕೈಯಲ್ಲಿದೆ? ನಮ್ಮ ಸಂಘಟನೆಗಳ ಒಳಗೂ, ನಮ್ಮ ಪುಸ್ತಕ ಕ್ಯಾಸೆಟ್ಟುಗಳ ಮೇಲೂ ಈ ಪ್ರಶ್ನೆಗಳನ್ನು ಕೇಳಬೇಕು. ನಮ್ಮ ಸಭೆಗಳಲ್ಲಿ ತಮಟೆ ಬಾರಿಸಿದವರ, ಹಿಂದೆ ನಿಂತು ಸೊಲ್ಲು ಹಿಡಿದ ಹೆಣ್ಣುಮಕ್ಕಳ ಹೆಸರು ನಮ್ಮ ಕರಪತ್ರಗಳಲ್ಲಿ ಇದೆಯೇ ಅಂತ ಹುಡುಕುವುದರಿಂದ ಈ ಕೆಲಸ ಶುರು ಮಾಡಬಹುದು.