ಪಟೇಲರ ಎತ್ತಿನ ಮನೆಯಿಂದ ಕಂಡ ಊರು

ಸಮಾಜಶಾಸ್ತ್ರ ಓದಿದರೆ ಮುಂದೇನು ಎಂದು ಕೇಳುವ ತಾಯ್ತಂದೆಯರ ಮುಂದೆ ನಾನು ಮೊದಲು ತೆಗೆಯುವುದು ಎಂ.ಎನ್. ಶ್ರೀನಿವಾಸರ 'ದಿ ರಿಮೆಂಬರ್ಡ್ ವಿಲೇಜ್' ಪುಸ್ತಕದ ಸುದ್ದಿ. ಮೈಸೂರಿನ ಮಹಾರಾಜ ಕಾಲೇಜು, ಮುಂಬಯಿ, ಆಕ್ಸ್‌ಫರ್ಡುಗಳಲ್ಲಿ ಓದಿದ ಶ್ರೀನಿವಾಸರು 1948ರಲ್ಲಿ ಅಧ್ಯಯನಕ್ಕೆ ಹೋಗಿ ನೆಲೆಸಿದ್ದು ಯಾವುದೋ ದ್ವೀಪದಲ್ಲಲ್ಲ, ನಮ್ಮ ಸೀಮೆಯದೇ ಒಂದು ಹಳ್ಳಿಯಲ್ಲಿ. ಪುಸ್ತಕದಲ್ಲಿ ಅದರ ಹೆಸರು ರಾಂಪುರ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಹದಿನೆಂಟು ವರ್ಷ ತಿದ್ದಿ ತೀಡಿದ ಟಿಪ್ಪಣಿಗಳು ಸುಟ್ಟುಹೋದವು. ಬಹುಪಾಲು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಹಾಗಾಗಿಯೋ ಏನೋ, ಅದರಲ್ಲಿ ಅಂಕಿಅಂಶಗಳಿಗಿಂತ ಜನರೇ ಹೆಚ್ಚು. 'ಪ್ರಬಲ ಜಾತಿ' ಎಂಬ ಮಾತನ್ನು ಪರೀಕ್ಷೆಗೆಂದು ಉರು ಹೊಡೆದಿದ್ದ ನನಗೆ ಅದು ಗದ್ದೆಯ ಬದುವಿನ ಮೇಲೆ ನಿಂತು ಮಾತಾಡುವ ಮನುಷ್ಯನಾಗಿ ಕಂಡದ್ದು ಇಲ್ಲಿಯೇ.

ಆದರೂ ನನ್ನದೊಂದು ತಕರಾರಿದೆ. ಲೇಖಕರು ಬಿಡಾರ ಹೂಡಿದ್ದು ಪಟೇಲರ ಎತ್ತಿನ ಮನೆಯಲ್ಲಿ. ಅಲ್ಲಿ ಕೂತವರಿಗೆ ಬಂದುಹೋಗುವ ಗಂಡಸರು ಕಾಣುತ್ತಾರೆ. ಒಲೆಯ ಮುಂದಿನ ಮಾತು, ದಲಿತರ ಕೇರಿಯ ಮಾತು ಅಷ್ಟಾಗಿ ಕೇಳಿಸುವುದಿಲ್ಲ. ತಮ್ಮದು ಮೇಲ್ಜಾತಿಯ ನೋಟವೆಂದು ಅವರೇ ಒಪ್ಪಿದ್ದಾರೆ, ಅದು ದೊಡ್ಡತನ. ಒಪ್ಪಿದ ಮಾತ್ರಕ್ಕೆ ಆ ಖಾಲಿ ಜಾಗ ತುಂಬಲಿಲ್ಲ.

ಮುಂದೆ 1950ರ ದಶಕದಲ್ಲಿ ಮಂಡ್ಯದ ಕಡೆಗೆ ಬಂದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬಾಕೆ ನಾಲೆ ನೀರು ಬಂದ ಹಳ್ಳಿಯನ್ನೂ ಬಾರದ ಹಳ್ಳಿಯನ್ನೂ ಜೊತೆಗಿಟ್ಟು ನೋಡಿದರು. ಕೆ.ಆರ್. ನಗರದ ಗದ್ದೆಯನ್ನೂ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲವನ್ನೂ ಹಾಗೆ ನೋಡಲು ನಮ್ಮ ಹುಡುಗಿಯರಿಗೇನು ಅಡ್ಡಿ? 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜೂ ಇಲ್ಲ!

ಇನ್ನು ಕೆಲಸದ ಮಾತು. ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿದವರು ಉಪನ್ಯಾಸಕರಾಗುತ್ತಾರೆ, ಐ.ಎ.ಎಸ್. ಪರೀಕ್ಷೆಗೆ ಸಮಾಜಶಾಸ್ತ್ರ, ಮಾನವಶಾಸ್ತ್ರ ಎರಡೂ ಐಚ್ಛಿಕ ವಿಷಯಗಳು. ಬುಡಕಟ್ಟು ಸಂಶೋಧನಾ ಸಂಸ್ಥೆ ಮೈಸೂರಿನಲ್ಲೇ ಇದೆ. ಆದರೆ ನಾನು ಕಂಡಂತೆ ಹೆಚ್ಚಿನವರ ಪಾಲಿಗೆ ಬರುವುದು ಸಂಘಸಂಸ್ಥೆಗಳ ಸರ್ವೆ ಫಾರಂ ತುಂಬುವ ಕೆಲಸ. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಜೇನುಕುರುಬರು ಇಂಥ ಫಾರಂಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿದ್ದಾರೆ. ನಾಗರಹೊಳೆ ಕಾಡು ಬಿಟ್ಟು ಹುಣಸೂರಿನ ನಾಗಾಪುರಕ್ಕೆ ಬಂದು ನೆಲೆಸಿದವರ ನೆನಪಿನ ಹಾಡಿಯನ್ನು ಬರೆಯುವವರು ಯಾರು?

ನನ್ನ ಶಿಷ್ಯೆಯೊಬ್ಬಳು ಹಾಡಿಯ ಹುಡುಗಿ. ಅವಳ ಸೋದರಮಾವ ಕೇಳಿದರು: "ನಮ್ಮ ವಿಷಯ ನಾವೇ ಓದಕ್ಕೆ ಮೈಸೂರಿಗೆ ಹೋಗ್ಬೇಕಾ ಮೇಡಮ್ಮೋರೆ?" ಹೋಗಬೇಕು ಎಂದೆ. ಈಗ ಬಿ.ಎ.ಗೆ ಸೇರಿದ್ದಾಳೆ. ಶ್ರೀನಿವಾಸರ ಪುಸ್ತಕದ ನನ್ನ ಪ್ರತಿ ಅವಳ ಹತ್ತಿರವೇ ಇದೆ. ಒಪ್ಪದ ಕಡೆಯಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆ ಎಂದು ಹೇಳಿಯೇ ಕೊಟ್ಟಿದ್ದೇನೆ.