ಪ್ರತಿಮೆಯೂ ಪ್ರಶಸ್ತಿಯೂ

ಪ್ರತಿಮೆಯೆಂಬುದು ಲೋಹದಲ್ಲಿ ಬರೆದ ಪ್ರಶಸ್ತಿ. ಶಾಸನಕವಿಯು ಒಡೆಯನನ್ನು ಕೊಂಡಾಡಿದಾಗ ವಿಮರ್ಶಕನು ಎರಡು ಪ್ರಶ್ನೆಗಳನ್ನು ಕೇಳುವನು: ಪದ್ಯವು ಸೊಗಸಾಗಿದೆಯೆ? ಹೊಗಳಿಕೆಯು ಸಲ್ಲತಕ್ಕುದೆ? ವಿವಾದಕ್ಕೊಳಗಾದ ಪುರುಷರ ವಿಗ್ರಹಗಳನ್ನು ಬೀದಿಯಲ್ಲಿ ಉಳಿಸಬೇಕೆ, ತೆಗೆಯಬೇಕೆ ಎಂಬ ವಾದದಲ್ಲಿ ಈ ಎರಡೂ ಬೆರೆತುಹೋಗುವುದರಿಂದಲೇ ಗೊಂದಲವು ಹುಟ್ಟುತ್ತದೆ. ಮದರಾಸಿನ ಎರಡು ಪ್ರತಿಮೆಗಳ ಕಥೆಯಿಂದ ಇವನ್ನು ಬಿಡಿಸಿ ನೋಡಬಹುದು.

ಮೊದಲನೆಯದು 1839ರಲ್ಲಿ ಸ್ಥಾಪಿತವಾದ ಸರ್ ಥಾಮಸ್ ಮನ್ರೋವಿನದು. ಶಿಲ್ಪಿ ಫ್ರಾನ್ಸಿಸ್ ಚ್ಯಾಂಟ್ರಿ. ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ. ಶಿಲ್ಪಿಯು ಮರೆತನೆಂದು ನಗುವವರುಂಟು. ಆದರೆ ರೋಮಿನ ಮಾರ್ಕಸ್ ಆರೀಲಿಯಸನ ಪ್ರಾಚೀನ ವಿಗ್ರಹದಲ್ಲಿಯೂ ರಿಕಾಪುಗಳಿಲ್ಲ. ಸವಾರನ ನೇರವಾದ ನಿಲುವಿನಲ್ಲಿ ಗಾಂಭೀರ್ಯವಿದೆ, ಆರ್ಭಟವಿಲ್ಲ. ಎರಡನೆಯದು ಮೌಂಟ್ ರಸ್ತೆಯಲ್ಲಿದ್ದ ಜನರಲ್ ನೀಲನದು. ಮ್ಯಾಥ್ಯೂ ನೋಬಲನ ಕೃತಿ. ಇದರ ಕೆಲಸವೂ ನುರಿತ ಕೈಯದೇ. ಕಲೆಯೊಂದನ್ನೇ ನೋಡಿದರೆ ಇದನ್ನು ತೆಗೆಯಲು ಕಾರಣವಿರಲಿಲ್ಲ.

ಹೊಗಳಿಕೆಯ ಪ್ರಶ್ನೆಯೇ ಬೇರೆ. 1857ರಲ್ಲಿ ಕಾನ್ಪುರದಲ್ಲಿ ಆಂಗ್ಲ ಸ್ತ್ರೀಯರೂ ಮಕ್ಕಳೂ ಹತರಾದುದು ಘೋರಕೃತ್ಯವೇ ಸರಿ. ಆದರೆ ನೀಲನು, ಸೆರೆಸಿಕ್ಕವರನ್ನು ಗಲ್ಲಿಗೇರಿಸುವ ಮೊದಲು ಅವರಿಂದ ಆ ಮನೆಯ ರಕ್ತವನ್ನು ಬಲಾತ್ಕಾರವಾಗಿ ತೊಳೆಯಿಸಿದನು. ಅಲಹಾಬಾದಿನಲ್ಲಿ ಅವನು ನಡೆಸಿದ ದಂಡನೆಯಾದರೋ ಆ ಹತ್ಯೆಗಿಂತಲೂ ಹಿಂದಿನದು. ದಂಗೆಯನ್ನು ಅಡಗಿಸಿದ ಕಾರ್ಯಕ್ಕಾಗಿಯೇ ಅವನಿಗೆ ಪೀಠವು ದೊರೆಯಿತು.

ಮನ್ರೋ ಕಳಂಕರಹಿತನೆಂದಲ್ಲ. ಕನ್ನಡ ಜಿಲ್ಲೆಯಲ್ಲಿಯೂ ಬಳ್ಳಾರಿಯ ಕಡೆಯಲ್ಲಿಯೂ ಕಲೆಕ್ಟರನಾಗಿದ್ದ ಅವನು ಕಂಪನಿಯ ಸೇವಕನೇ. ಅವನ ಕಾಲದ ಕಂದಾಯವು ರೈತನಿಗೆ ಹೊರೆಯಾಗಿತ್ತು. 1807ರಲ್ಲಿ ಕಾಲು ಭಾಗವನ್ನು ಇಳಿಸಬೇಕೆಂದು ಅವನೇ ಸೂಚಿಸಿದನು. ಆದರೆ ಅವನ ಲೋಪವು ಗೌರವದ ಪಕ್ಕದಲ್ಲಿದೆ. ನೀಲನ ಕ್ರೌರ್ಯವು ಗೌರವಕ್ಕೆ ಬುಡವಾಗಿದೆ. ಈ ಭೇದವನ್ನು ಗಣಿಸದ ತೀರ್ಪು ನಿಲ್ಲಲಾರದು.

ನೀಲನ ಪ್ರತಿಮೆಯನ್ನು ತೆಗೆಯಬೇಕೆಂದು 1927ರಲ್ಲಿ ಸತ್ಯಾಗ್ರಹವು ನಡೆಯಿತು. ಸ್ವಯಂಸೇವಕರು ಸುತ್ತಿಗೆ ಕೊಡಲಿಗಳನ್ನು ಹಿಡಿದು ಹೋಗಿ ಸೆರೆಮನೆಯನ್ನು ಕಂಡರು. 1937ರಲ್ಲಿ ರಾಜಗೋಪಾಲಾಚಾರ್ಯರ ಸರಕಾರವು ಅದನ್ನು ರಸ್ತೆಯಿಂದ ತೆಗೆಯಿಸಿತು. ಈಗ ಅದು ಎಗ್ಮೋರಿನ ವಸ್ತುಸಂಗ್ರಹಾಲಯದಲ್ಲಿದೆ.

ಪ್ರತಿಮೆಯನ್ನು ಕದಲಿಸಿದರೆ ಇತಿಹಾಸವೇ ಅಳಿಯುವುದೆಂಬ ಆಕ್ಷೇಪಕ್ಕೆ ಇದೇ ಉತ್ತರ. ಬೀದಿಯಲ್ಲಿದ್ದಾಗ ಅದು ದಾರಿಹೋಕನಿಂದ ಗೌರವವನ್ನು ಬೇಡುತ್ತಿತ್ತು. ಒಳಗೆ ಬಂದ ಮೇಲೆ, ಒಂದು ಕಾಲದ ಆಳರಸರು ಯಾವುದನ್ನು ಶೌರ್ಯವೆಂದು ಎಣಿಸಿದರೆಂಬುದಕ್ಕೆ ಸಾಕ್ಷಿಯಾಗಿದೆ. ಸುತ್ತಿಗೆಯೇ ಗೆದ್ದಿದ್ದರೆ ಈ ಸಾಕ್ಷಿಯೂ ಉಳಿಯುತ್ತಿರಲಿಲ್ಲ. ಪೀಠದ ಮೇಲೆಯೇ ಬಿಟ್ಟಿದ್ದರೆ ಕಾನ್ಪುರದ ಅವಮಾನಕ್ಕೆ ಸಾರ್ವಜನಿಕರ ಒಪ್ಪಿಗೆಯು ಮುಂದುವರಿದಂತಾಗುತ್ತಿತ್ತು. ಮನ್ರೋ ಇನ್ನೂ ಬಯಲಿನಲ್ಲಿಯೇ ನಿಂತಿದ್ದಾನೆ. ಅವನನ್ನೂ ಇದೇ ಒರೆಗಲ್ಲಿಗೆ ಹಚ್ಚುವ ಹಕ್ಕು ಮುಂದಿನವರಿಗುಂಟು. ಪ್ರಶಸ್ತಿಯನ್ನು ಕೆತ್ತಿದವರೇ ಅದರ ಕೊನೆಯ ವಿಮರ್ಶಕರಲ್ಲ.